ಬಸ್ಸು ಹತ್ತಿದ ಇಸ್ತ್ರಿಪೆಟ್ಟಿಗೆ

ಬೀದಿಯಲ್ಲಿ ಅವಳ ಸ್ವಂತ ಹೆಸರು ಯಾರಿಗೂ ನೆನಪಿರಲಿಲ್ಲ. ಅಂಗಿಯ ಗುಂಡಿ ತೂರುವ ಸೀಳಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಆ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಸುತ್ತಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಅವಳ ಕಾಜಾ ಬಾಯಿ ಬಿಡುತ್ತಿರಲಿಲ್ಲ. ಗಂಡ ಇದ್ದಾಗಲೇ ಕಾಜಮ್ಮ ಎಂಬ ಹೆಸರು ಅಂಟಿಕೊಂಡಿತ್ತು, ಗಂಡ ಹೋದ ಮೇಲೂ ಅದು ಹೋಗಲಿಲ್ಲ. ಅವಳೂ ಅಷ್ಟೇ, ಸುಲಭಕ್ಕೆ ಬಾಯಿ ಬಿಡುವವಳಲ್ಲ.

ಅಂಗಡಿ ಎಂದರೆ ಒಂದೇ ಕೋಣೆ. ಬೀದಿಗೆ ಗಾಜಿನ ಬಾಗಿಲು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ಕಿಟಕಿಯ ಕೆಳಗೆ ಅವಳ ಹೊಲಿಗೆ ಯಂತ್ರ. ಮೇಜಿನ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ಕಪ್ಪು ಗುರುತು. ಗಂಡನ ಕಾಲದಲ್ಲಿ ಯಾರೋ ಪೆಟ್ಟಿಗೆಯನ್ನು ಆರಿಸದೆ ಊಟಕ್ಕೆ ಹೋಗಿದ್ದರು. ಹಲಗೆ ಸುಟ್ಟು ಹೊಗೆ ಬೀದಿಗೆ ಬಂದಿತ್ತು, ಗಿರಾಕಿಯೊಬ್ಬರ ಕೋಟು ಬೂದಿಯಾಗಿತ್ತು. ಅಂದಿನಿಂದ ಆ ಮನೆಯವರು ಹೊರಡುವಾಗ ಬೀಗ ಹಾಕುವುದನ್ನು ಮರೆತರೂ ಮರೆತಾರು, ಇಸ್ತ್ರಿಪೆಟ್ಟಿಗೆ ಮುಟ್ಟಿ ನೋಡುವುದನ್ನು ಮರೆಯುತ್ತಿರಲಿಲ್ಲ.

ಅಂಗಡಿಯ ಮೇಲೆ ಎರಡು ಕೋಣೆಗಳ ಮನೆ. ಅಲ್ಲಿ ಕಾಜಮ್ಮ, ಅವಳ ಮಗಳು, ಅಳಿಯ. ಮಗಳು ಪಕ್ಕದ ಬೀದಿಯ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಹುಡುಗನಾಗಿದ್ದಾಗ ಕೆಲಸ ಕಲಿಯಲು ಬಂದವರು. ಕಾಜಮ್ಮನ ಗಂಡನ ಕೈಕೆಳಗೆ ಕತ್ತರಿ ಹಿಡಿಯುವುದನ್ನು ಕಲಿತರು, ಮಗಳನ್ನೂ ಮದುವೆಯಾದರು. ಮಾವ ಹೋದ ಮೇಲೆ ಅಂಗಡಿಯ ಮಾಸ್ಟರ್ ಅವರೇ ಆದರು. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಮಾಸ್ಟರ ಕೆಲಸ. ಕೂಡಿಸಿ ಹೊಲಿಯುವುದು ಕಾಜಮ್ಮನದು. ಅವರು ಇವಳನ್ನು ಅತ್ತೆ ಅನ್ನುವರು, ಇವಳು ಅವರನ್ನು ಮಾಸ್ಟ್ರೇ ಅನ್ನುವಳು. ಒಂದೇ ಕೋಣೆಯಲ್ಲಿ ದಿನವಿಡೀ ಕೂತರೂ ಅತ್ತೆ ಅಳಿಯನ ನಡುವೆ ಮಾತು ತೋಳು, ಕಾಲರು, ಸೊಂಟ ದಾಟಿ ಆಚೆ ಹೋಗುತ್ತಿರಲಿಲ್ಲ.

ಮಾಸ್ಟರು ಯಾವಾಗ ಕುಡಿಯಲು ಶುರು ಮಾಡಿದರೆಂದು ಕೇಳಿದರೆ ಹೇಳುವುದು ಕಷ್ಟ. ಮೊದಮೊದಲು ಗೆಳೆಯರ ಜೊತೆ, ರಜೆಯ ಸಂಜೆ. ಆಮೇಲೆ ಎಲ್ಲ ಸಂಜೆ. ಆಮೇಲೆ ಊಟಕ್ಕೆ ಮುಂಚೆ. ಕಡೆಗೆ ಬಾಟಲಿ ಕೆಳಗಿಳಿದು ಬಂದು ಬಟ್ಟೆಚೂರಿನ ಚೀಲದೊಳಗೆ ಬಿಡಾರ ಹೂಡಿತು. ಅವರು ಬೈಯುವವರಲ್ಲ, ಹೊಡೆಯುವವರಲ್ಲ. ಕುಡಿದಷ್ಟೂ ಮೆತ್ತಗಾಗುತ್ತಿದ್ದರು. ಮಗಳ ಸಿಟ್ಟಿಗೆ ಅದೇ ಕಾರಣ.

"ಜಗಳ ಆಡೋಣ ಅಂದ್ರೂ ಎದುರಿಗೆ ಜನ ಬೇಕಲ್ಲಮ್ಮ. ಒದ್ದೆ ಬಟ್ಟೆ ಜೊತೆ ಜಗಳ ಆಡಿದ ಹಾಗಾಗತ್ತೆ" ಅನ್ನುವಳು.

ಕಾಜಮ್ಮನಿಗೆ ಮೊದಲು ತಿಳಿದದ್ದು ವಾಸನೆಯಿಂದಲ್ಲ, ಬಟ್ಟೆಯಿಂದ. ಒಂದು ದಿನ ಅಂಗಿಯ ಎರಡು ಮುಂಭಾಗಗಳನ್ನು ಒಂದರ ಮೇಲೊಂದಿಟ್ಟಳು. ಎಡದ್ದು ಬಲದ್ದಕ್ಕಿಂತ ಒಂದು ಬೆರಳು ಉದ್ದ. ಕತ್ತರಿ ಗೆರೆಯ ಮೇಲೆ ನಡೆದು, ತಪ್ಪಿ, ಮತ್ತೆ ಗೆರೆಗೆ ಬಂದಿತ್ತು. ಅವಳು ತಲೆಯೆತ್ತಿ ನೋಡಿದಳು. ಮಾಸ್ಟರು ಇನ್ನೊಂದು ಬಟ್ಟೆ ಹಾಸುತ್ತಿದ್ದರು. ಹೇಳಲು ನಾಲಿಗೆಯ ತುದಿಗೆ ಬಂತು. ಆದರೆ ಅಳಿಯ, ಅದರಲ್ಲೂ ಮಾಸ್ಟರು. ಉದ್ದವಿದ್ದ ಕಡೆಯನ್ನು ಸದ್ದಿಲ್ಲದೆ ಕತ್ತರಿಸಿ ಸರಿಮಾಡಿ ಹೊಲಿದಳು.

ಅಲ್ಲಿಂದ ಅದೇ ರೂಢಿಯಾಯಿತು. ಉದ್ದವಿದ್ದರೆ ಕತ್ತರಿಸುವಳು. ಗಿಡ್ಡವಿದ್ದರೆ ಹೊಲಿಗೆಗೆ ಬಿಟ್ಟ ಅಂಚಿನಲ್ಲಿ ಕದಿಯುವಳು. ಅಂಚೂ ಸಾಲದಿದ್ದರೆ ಒಳಗಿನಿಂದ ಪಟ್ಟಿ ಕೊಟ್ಟು, ಮೇಲೆ ಇಸ್ತ್ರಿ ಒತ್ತಿ, ಮಾಡಿದವಳಿಗೇ ಕಾಣದಂತೆ ಮುಚ್ಚುವಳು. ಕತ್ತರಿಸಿ ತೆಗೆದ ಸಣ್ಣ ಸಣ್ಣ ಎಳೆಗಳನ್ನು ಬಿಸಾಡಿದರೆ ಯಾರಾದರೂ ನೋಡಿಯಾರೆಂದು ತಾನು ಕೂರುವ ದಿಂಬಿನೊಳಗೆ ತುರುಕುವಳು. ದಿಂಬು ದಪ್ಪಗಾಗುತ್ತಾ ಹೋಯಿತು. ಯಂತ್ರದ ಮುಂದೆ ಕಾಜಮ್ಮ ಎತ್ತರವಾಗುತ್ತಾ ಹೋದಳು.

ಬ್ಯಾಂಕಿನ ಬಾಗಿಲು ಕಾಯುವ ಗಿರಾಕಿಯೊಬ್ಬನಿದ್ದ. ಅವನ ಒಂದು ಭುಜ ತಗ್ಗು. ಅವನಿಗೆ ಕೋಟು ಹೊಲಿಯುವುದು ಹುಡುಗಾಟವಲ್ಲ. ಆ ಸಲ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗಿ, "ಮಾಸ್ಟ್ರೇ, ನಿಮ್ಮ ಕತ್ತರಿಗೆ ಕಣ್ಣಿದೆ ಕಣ್ರೀ! ನನ್ನ ಹೆಂಡ್ತಿಗೂ ಇವತ್ತಿನವರೆಗೆ ಯಾವ ಭುಜ ತಗ್ಗು ಅಂತ ಗೊತ್ತಾಗಿಲ್ಲ" ಅಂದ. ಆ ಕೋಟಿನ ಬೆನ್ನನ್ನು ಕಾಜಮ್ಮ ಪೂರಾ ಬಿಚ್ಚಿ ಹೊಸದಾಗಿ ಕೂರಿಸಿದ್ದಳು. ಮಾಸ್ಟರು ನಗುತ್ತಾ ಟೇಪನ್ನು ಕೊರಳಿಗೆ ಹಾಕಿಕೊಂಡರು.

ಒಂದು ರಜೆಯ ಬೆಳಿಗ್ಗೆ ಮಗಳು ಕೆಳಗಿಳಿದು ಬಂದಳು. ಅವಳು ಸುಮ್ಮನೆ ಬಂದಿರಲಿಲ್ಲ. ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ ಕುಡಿತ ಬಿಡಿಸುವ ವಾರ್ಡಿದೆ ಎಂದು ಕೇಳಿ, ಹೋಗಿ ನೋಡಿ, ವಿಚಾರಿಸಿಕೊಂಡು ಬಂದಿದ್ದಳು.

"ಜಾಗ ಇದೆ ಅಂದ್ರು. ನಾಳೇನೇ ಕರ್ಕೊಂಡು ಬನ್ನಿ ಅಂದ್ರು. ಬರ್ತೀರೋ ಇಲ್ವೋ?"

"ನನಗೇನಾಗಿದೆ?" ಮಾಸ್ಟರು ಕತ್ತರಿ ಕೆಳಗಿಡಲಿಲ್ಲ.

"ನಿನಗೇನಾಗಿದೆ ಅಂತ ಬೀದಿ ನಾಯಿಗೂ ಗೊತ್ತು." ಸಿಟ್ಟು ಬಂದರೆ ಮಗಳು ಗಂಡನನ್ನು ನೀನು ಅನ್ನುವಳು. "ನೋಡು, ಈ ತಿಂಗಳು ಮುಗಿಯೋದ್ರೊಳಗೆ ನೀನು ಅಲ್ಲಿಗೆ ಬರಲಿಲ್ಲ ಅಂದ್ರೆ ನಾನು ಬೇರೆ ಕೋಣೆ ಮಾಡ್ತೀನಿ. ಅಮ್ಮನ್ನೂ ಕರ್ಕೊಂಡು ಹೋಗ್ತೀನಿ. ಹೆದರ್ಸೋಕೆ ಹೇಳ್ತಾ ಇಲ್ಲ. ಕೋಣೆ ನೋಡಿ ಬಂದಿದೀನಿ."

ಮಾಸ್ಟರು ಆಗ ಹೇಳಿದ ಮಾತು ಕಾಜಮ್ಮನ ಎದೆಗೆ ನಾಟಿತು. "ಕುಡುಕನ ಕೈ ನಡುಗತ್ತೆ ಕಣೆ. ನನ್ನ ಕತ್ತರಿ ನೋಡು. ಒಬ್ಬನೇ ಒಬ್ಬ ಗಿರಾಕಿ ಬಟ್ಟೆ ಸರಿಯಿಲ್ಲ ಅಂತ ವಾಪಸ್ ಬಂದಿದಾನಾ? ಅತ್ತೇನ ಕೇಳು. ಅತ್ತೆ, ನೀವೇ ಹೇಳಿ. ನನ್ನ ಕೆಲಸದಲ್ಲಿ ಏನಾದ್ರೂ ಕುಂದು ಬಂದಿದ್ಯಾ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣು ತುಂಬಾ ನಂಬಿಕೆಯಿಟ್ಟುಕೊಂಡು ಕೇಳುತ್ತಿದ್ದರು. ಕಾಜಮ್ಮ ದಪ್ಪನೆಯ ದಿಂಬಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಒಳಗೆ ಹೋಗಲಿಲ್ಲ. ಈ ಮನುಷ್ಯ ತನ್ನ ಕೈ ಚೆನ್ನಾಗಿದೆ ಅಂದುಕೊಂಡಿರುವುದು ನನ್ನ ಕೈಯನ್ನು ನೋಡಿ ಎಂದು ಅವಳಿಗೆ ಆ ಕ್ಷಣಕ್ಕೆ ಹೊಳೆಯಿತು. ಆದರೂ ಬಾಯಿ ಬರಲಿಲ್ಲ. "ಒಲೆ ಮೇಲೆ ಹಾಲಿದೆ" ಎಂದು ಎದ್ದು ಮೇಲೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮಾರನೆಯ ದಿನ ಟ್ರಂಕಿನ ತಳದಿಂದ ಒಂದು ಬಟ್ಟೆ ತೆಗೆದಳು. ತಿಳಿನೀಲಿ, ಅಗಲವಾದ ಪಟ್ಟೆಗಳದ್ದು. ಮಗಳು ಯಾವಾಗಲೋ ಗಂಡನಿಗೆಂದು ತಂದಿಟ್ಟದ್ದು. "ಮಾಸ್ಟ್ರೇ, ನಿಮಗೇ ಒಂದು ಅಂಗಿ ಕತ್ತರಿಸಿ ಕೊಡಿ. ಹೊಲಿದುಬಿಡ್ತೀನಿ" ಅಂದಳು. ಮಾಸ್ಟರು ಖುಷಿಯಾಗಿ ಕತ್ತರಿಸಿ ಕೊಟ್ಟರು.

ಅವಳ ಜೀವಮಾನದಲ್ಲಿ ಅಷ್ಟು ಕಷ್ಟದ ಹೊಲಿಗೆ ಇರಲಿಲ್ಲ. ಕತ್ತರಿಸಿದ್ದು ಹೇಗಿತ್ತೋ ಹಾಗೆಯೇ ಹೊಲಿಯಬೇಕು. ಎಡಗೈ ತಾನಾಗಿಯೇ ಅಂಚನ್ನು ಎಳೆದು ಸರಿಮಾಡಲು ಹೋಗುತ್ತಿತ್ತು. ಅದನ್ನು ಗದರಿಸಿ ವಾಪಸ್ ತರುವಳು. ಪಟ್ಟೆಗಳು ಭುಜದಲ್ಲಿ ಒಂದಕ್ಕೊಂದು ಸೇರದೆ ಮುಖ ತಿರುಗಿಸಿಕೊಂಡವು. ಕಾಲರು ಒಂದು ಕಡೆ ಎದ್ದು ನಿಂತಿತು. ಕಾಜಾಗಳನ್ನು ಮಾತ್ರ ಎಂದಿನಂತೆಯೇ ಹೊಲಿದಳು. ಅದು ಅವಳ ಪಾಲಿನದು.

ಬೆಳಗಿನ ಬಿಸಿಲು ಕನ್ನಡಿಗೆ ಬೀಳುವ ಹೊತ್ತಿಗೆ ಮಾಸ್ಟರು ಅಂಗಿ ತೊಟ್ಟರು. ಗುಂಡಿ ಹಾಕಿದರು. ಬಿಚ್ಚಿ ಮತ್ತೆ ಹಾಕಿದರು. ಭುಜ ಕೊಡವಿದರು.

"ಅತ್ತೆ, ಕಣ್ಣಿಗೆ ಡಾಕ್ಟ್ರನ್ನ ನೋಡ್ಬೇಕು ನೀವು. ಏನಿದು ಹೊಲಿಗೆ?"

ಕಾಜಮ್ಮ ಅಂಗಿಯನ್ನು ಬಿಚ್ಚಿಸಿಕೊಂಡಳು. ಮೇಜಿನ ಮೇಲಿಟ್ಟು ಹೊಲಿಗೆಗಳನ್ನು ಒಂದೊಂದಾಗಿ ಕಿತ್ತಳು. ಎರಡು ಮುಂಭಾಗಗಳನ್ನು ಒಂದರ ಮೇಲೊಂದು ಹಾಸಿದಳು. ತೋಳಿನ ಮೇಲೆ ತೋಳಿಟ್ಟಳು. ಮಾಸ್ಟರ ಕೈಬೆರಳು ಆ ಅಂಚುಗಳ ಮೇಲೆ ಓಡಿ ನಿಂತಿತು. ದರ್ಜಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ.

"ಇದೊಂದು... ಇದೊಂದು ಹಾಳಾಗಿದೆ" ಅಂದರು.

ಅವಳು ತನ್ನ ದಿಂಬನ್ನು ತಂದು ಮೇಜಿನ ಮೇಲೆ ಇಟ್ಟು ಒಂದು ಬದಿ ಸೀಳಿದಳು. ಒಳಗಿನಿಂದ ಎಳೆಗಳು ಉಕ್ಕಿ ಬಂದವು. ಬಿಳಿ, ಖಾಕಿ, ಬೂದು, ಬ್ಯಾಂಕಿನವನ ಕೋಟಿನ ಕಪ್ಪು. ಮಾಸ್ಟರು ಆ ಕಪ್ಪನ್ನು ಗುರುತು ಹಿಡಿದರು.

"ಯಾಕೆ ಹೇಳ್ಲಿಲ್ಲ ಅತ್ತೆ?"

"ಬಾಯಿ ಬರ್ಲಿಲ್ಲ ಮಾಸ್ಟ್ರೇ. ಸೂಜಿ ಬಂತು."

ಅವರು ಸ್ಟೂಲಿನ ಮೇಲೆ ಕೂತರು. ಬನಿಯನ್ನಿನಲ್ಲೇ ಕೂತು ಆ ಕಪ್ಪು ಎಳೆಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ, "ಆ ವಾರ್ಡು ಎಲ್ಲಿದೆಯಂತೆ?" ಅಂದರು.

ಮಗಳಿಗೆ ರಜೆ ಸಿಗಲಿಲ್ಲ. ಅತ್ತೆಯೇ ಅಳಿಯನನ್ನು ಕರೆದುಕೊಂಡು ಹೊರಟಳು. ಬಸ್ಸಿಳಿದು, ದೊಡ್ಡಾಸ್ಪತ್ರೆಯ ಬದಿಯ ಗಲ್ಲಿಯಲ್ಲಿ ನಡೆದು, ವಾರ್ಡಿನ ಹಸಿರು ಗೇಟಿನ ಹತ್ತಿರ ಬಂದರು. ಮಾಸ್ಟರು ಗಕ್ಕನೆ ನಿಂತರು. ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಇಸ್ತ್ರಿಪೆಟ್ಟಿಗೆ ಆರಿಸಿದ್ನಾ ನಾನು?"

ಬೇರೆ ಮನೆಯವರಾಗಿದ್ದರೆ 'ಪಕ್ಕದವರಿಗೆ ಫೋನ್ ಮಾಡೋಣ ಬನ್ನಿ' ಅಂದು ಒಳಗೆ ತಳ್ಳುತ್ತಿದ್ದರು. ಕಾಜಮ್ಮನ ಕಣ್ಣ ಮುಂದೆ ಮೇಜಿನ ಕಪ್ಪು ಗುರುತು ಬಂತು. ಹೊರಡುವ ಗಡಿಬಿಡಿಯಲ್ಲಿ ಪೆಟ್ಟಿಗೆ ಮುಟ್ಟಿ ನೋಡಿದ್ದು ಅವಳಿಗೂ ನೆನಪಾಗಲಿಲ್ಲ. ಇಬ್ಬರೂ ಬಿದ್ದೆವೋ ಎದ್ದೆವೋ ಎಂದು ವಾಪಸ್ ಓಡಿದರು. ಅಂಗಡಿಯ ಬಾಗಿಲು ತೆಗೆದು ನೋಡಿದರೆ ಪೆಟ್ಟಿಗೆ ತಣ್ಣಗೆ ಕೂತಿತ್ತು, ವೈರು ಪಕ್ಕದಲ್ಲಿ ಸುರುಳಿ ಸುತ್ತಿಕೊಂಡಿತ್ತು. ಕಾಜಮ್ಮ ಅದರ ತಳವನ್ನು ಮುಟ್ಟಿ ಉಸಿರು ಬಿಡುವಷ್ಟರಲ್ಲಿ ಮಾಸ್ಟರು ಬಾಗಿಲಲ್ಲಿರಲಿಲ್ಲ. ಸಂಜೆ ಗೋಡೆ ಹಿಡಿದುಕೊಂಡು ಬಂದರು.

"ಕಣ್ಣಿಗೆ ಮಣ್ಣೆರಚಿದಾನೆ ನಿನಗೆ!" ಮಗಳು ಹಣೆ ಚಚ್ಚಿಕೊಂಡಳು. "ಗೇಟಿನವರೆಗೆ ಹೋಗಿ ಇಸ್ತ್ರಿಪೆಟ್ಟಿಗೆಗೋಸ್ಕರ ವಾಪಸ್ ಬರ್ತಾರಾ ಯಾರಾದ್ರೂ?"

"ನಾವು ಬರ್ತೀವಿ" ಅಂದಳು ಕಾಜಮ್ಮ.

"ಆಯ್ತು. ಇನ್ನು ನಾನು ಕೋಣೆಗೆ ಮಾತಾಡ್ಲಾ?"

"ಇನ್ನೊಂದು ಸಲ ಹೋಗಿ ಬರ್ತೀನಿ. ಆಮೇಲೆ ಮಾತಾಡು."

ಮಾರನೆಯ ಬೆಳಿಗ್ಗೆ ಮಾಸ್ಟರು ತಲೆ ತಗ್ಗಿಸಿಕೊಂಡು ಕೆಳಗಿಳಿದರು. ಕಾಜಮ್ಮ ತಯಾರಾಗಿ ನಿಂತಿದ್ದಳು. ಭುಜದಲ್ಲಿ ದಪ್ಪ ಬಟ್ಟೆಯ ಚೀಲ, ಆ ಚೀಲದ ಭಾರಕ್ಕೆ ಅವಳ ಭುಜವೂ ಬ್ಯಾಂಕಿನವನ ಭುಜದ ಹಾಗೆ ತಗ್ಗಿತ್ತು. ಮಾಸ್ಟರು ಒಳಗೆ ಇಣುಕಿ ನೋಡಿದರು. ಇಸ್ತ್ರಿಪೆಟ್ಟಿಗೆ.

"ಇದ್ಯಾಕೆ ಅತ್ತೆ?"

"ಜೊತೇಲೇ ಇರ್ಲಿ. ಇವತ್ತು ಗೇಟಿನ ಹತ್ರ ನಿಮಗೆ ಸಂಶಯ ಬಂದ್ರೆ ಅಲ್ಲೇ ಮುಟ್ಟಿ ನೋಡ್ಕೊಬೋದು."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಇಸ್ತ್ರಿಪೆಟ್ಟಿಗೆ ಅವಳ ತೊಡೆಯ ಮೇಲೆ. ಪಕ್ಕದಲ್ಲಿದ್ದ ಹೆಂಗಸು ಚೀಲದೊಳಗೆ ನೋಡಿ, "ರಿಪೇರಿಗಾ?" ಅಂದಳು.

"ಹೂಂ, ರಿಪೇರಿಗೆ" ಅಂದಳು ಕಾಜಮ್ಮ.

"ಪೆಟ್ಟಿಗೆ ಚೆನ್ನಾಗೇ ಕಾಣತ್ತಲ್ಲ?"

"ಪೆಟ್ಟಿಗೆ ಚೆನ್ನಾಗಿದೆ. ಕೆಟ್ಟಿರೋದು ನಾನು" ಅಂದರು ಮಾಸ್ಟರು. ಹೆಂಗಸು ಇಬ್ಬರ ಮುಖವನ್ನೂ ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಮಾಸ್ಟರು ಸಣ್ಣ ದನಿಯಲ್ಲಿ, "ನಿನ್ನೆ ನಾಟಕ ಆಡ್ಲಿಲ್ಲ ಅತ್ತೆ. ನಿಜವಾಗ್ಲೂ ಆರಿಸಿಲ್ಲ ಅನ್ನಿಸ್ತು. ಹೊಗೆ ವಾಸನೆ ಬಂದ ಹಾಗಾಯ್ತು" ಅಂದರು.

"ಗೊತ್ತು. ಹೆದರಿಕೆಗೆ ಏನು ಬೇಕಾದ್ರೂ ನೆನಪಾಗತ್ತೆ." ಅತ್ತೆ ಅಳಿಯನ ಮಾತು ಸೊಂಟ, ಕಾಲರು ದಾಟಿ ಆಚೆ ಹೋದದ್ದು ಅಂದೇ.

ವಾರ್ಡಿನ ಡಾಕ್ಟರು ಅಗಲ ಹಣೆಯ ಹೆಂಗಸು. ಮಾತು ಕಡಿಮೆ, ಕೇಳುವುದು ಹೆಚ್ಚು.

"ಕೊನೇ ಸಲ ಯಾವಾಗ ಕುಡಿದ್ರಿ?"

ಬಸ್ಸಿನಲ್ಲೇ ಅವರ ಬಾಯಿಯ ವಾಸನೆ ಕಾಜಮ್ಮನಿಗೆ ಬಡಿದಿತ್ತು. ಅವಳು ಬಾಯಿ ತೆರೆದಳು. 'ನಿನ್ನೆ' ಎಂದು ಹೇಳಿ ಸ್ವಲ್ಪ ಸರಿಮಾಡೋಣ ಎಂದು ನಾಲಿಗೆ ಹೊರಟಿತ್ತು. ಅಂಚನ್ನು ಎಳೆಯಲು ಹೋದ ಎಡಗೈಯನ್ನು ಗದರಿಸಿದ ಹಾಗೆ ಅದನ್ನೂ ಗದರಿಸಿ ಬಾಯಿ ಮುಚ್ಚಿದಳು.

"ಇವತ್ತು ಬೆಳಿಗ್ಗೆ. ಮೆಟ್ಟಿಲು ಇಳಿಯೋಕೆ ಮುಂಚೆ" ಅಂದರು ಮಾಸ್ಟರು. "ಕುಡೀದಿದ್ರೆ ಬರೋಕಾಗ್ತಿರ್ಲಿಲ್ಲ."

ಡಾಕ್ಟರು ಬೈಯಲಿಲ್ಲ. "ಮನೇಲಿ ನಿಲ್ಲಿಸೋಕೆ ನೋಡಿದ್ರಾ?"

"ಒಂದ್ಸಲ. ಮೈಯೆಲ್ಲ ಬೆವರಿ, ನಡುಗಿ, ಗೋಡೆ ಮೇಲೆ ಇಲ್ಲದ ಹುಳ ಕಾಣಿಸ್ತು. ಹೆದರ್ಕೊಂಡು ಮತ್ತೆ ಕುಡಿದೆ."

"ದಿನಾ ಕುಡಿಯೋರು ಹಾಗೆ ಒಮ್ಮೆಲೇ ಮನೇಲಿ ನಿಲ್ಲಿಸಬಾರ್ದು. ಜೀವಕ್ಕೇ ಬರತ್ತೆ. ಇಲ್ಲಿ ಔಷಧಿ ಕೊಟ್ಟು, ಪಕ್ಕದಲ್ಲಿದ್ದು ನೋಡ್ಕೊಂಡು ನಿಲ್ಲಿಸ್ತೀವಿ. ಇದು ಕಾಯಿಲೆ. ಹಠ ಮಾಡಿದ್ರೆ ಹೋಗೋದಲ್ಲ, ಚಿಕಿತ್ಸೆ ಮಾಡಿದ್ರೆ ಇಳಿಯತ್ತೆ." ಆಮೇಲೆ ಕಾಜಮ್ಮನ ಕಡೆ ತಿರುಗಿದರು. "ಅಮ್ಮ, ಚೀಲದಲ್ಲೇನು? ಭಾರ ಇದ್ದ ಹಾಗಿದೆ."

"ಇಸ್ತ್ರಿಪೆಟ್ಟಿಗೆ."

"ಇಲ್ಲಿ ಅವರಿಗೆ ಇಸ್ತ್ರಿ ಎಲ್ಲಾ ಬೇಕಾಗಲ್ಲಮ್ಮ."

"ಬಟ್ಟೆಗಲ್ಲ ಡಾಕ್ಟ್ರೇ. ಇದು ಅಂಗಡೀಲಿ ಉರೀತಾ ಇಲ್ಲ ಅನ್ನೋದಕ್ಕೆ ಸಾಕ್ಷಿ."

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಮಾಸ್ಟರಿಗೆ ಮಾತ್ರ ನಗು ಬಂತು. ತಡೆದುಕೊಳ್ಳಲು ಹೋಗಿ ಕೆಮ್ಮಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಗೆ ನಗುತ್ತಲೇ ನರ್ಸಿನ ಹಿಂದೆ ಒಳಗೆ ಹೋದರು. ಬಾಗಿಲಲ್ಲಿ ತಿರುಗಿ, "ಹೋಗಿ ಬನ್ನಿ ಅತ್ತೆ. ಪೆಟ್ಟಿಗೆ ಹುಷಾರು" ಅಂದರು.

ಮೊದಲ ಕೆಲವು ದಿನ ಮಾಸ್ಟರಿಗೆ ಬಹಳ ಕಷ್ಟವಾಯಿತು. ಆಮೇಲೆ ಊಟ ಸೇರಿತು, ನಿದ್ದೆ ಬಂತು. ವಾರ್ಡಿನಲ್ಲಿ ಮನೆಯವರಿಗೂ ಒಂದು ಸಭೆ ಇರುತ್ತಿತ್ತು. ಸಲಹೆ ಕೊಡುವ ಹೆಂಗಸು ಕಾಜಮ್ಮನ ದಿಂಬಿನ ಕತೆಯನ್ನು ಕೇಳಿ, "ಕುಡಿಸಿದ್ದು ನೀವಲ್ಲಮ್ಮ, ಆ ಭಾರ ಹೊತ್ಕೋಬೇಡಿ. ಆದ್ರೆ ಇನ್ನು ಮುಂದೆ ತಪ್ಪು ಕಂಡ್ರೆ ಮುಚ್ಚಬೇಡಿ, ಮೆತ್ತಗೆ ಹೇಳಿ" ಅಂದಳು. ಹೇಳುವವರಿಗೇನು, ಹೇಳಿಬಿಡುತ್ತಾರೆ ಎಂದು ಕಾಜಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದಳು.

ಪರೀಕ್ಷೆ ಅದೇ ವಾರ ಬಂತು. ಬ್ಯಾಂಕಿನವನು ಹೊಸ ಕೋಟಿಗೆ ಅಳತೆ ಕೊಡಲು ಬಂದು, "ಮಾಸ್ಟ್ರು ಎಲ್ಲಿ?" ಅಂದ. ಹಿಂದೆಲ್ಲ ಜ್ವರ ಅನ್ನುತ್ತಿದ್ದಳು, ಬೆನ್ನುನೋವು ಅನ್ನುತ್ತಿದ್ದಳು. ಬಾಯಿಗೆ ಜ್ವರವೇ ಬಂದಿತ್ತು, ನುಂಗಿಕೊಂಡಳು.

"ಆಸ್ಪತ್ರೇಲಿದಾರೆ. ಕುಡಿತ ಬಿಡೋಕೆ ಹೋಗಿದಾರೆ. ಬರೋವರೆಗೆ ಹೊಸ ಬಟ್ಟೆ ಕತ್ತರಿಸೋರಿಲ್ಲ. ಬೇಕಾದ್ರೆ ಬೇರೆ ಕಡೆ ಕೊಡಿ."

ಅವನು ಗಾಜಿನ ಬಾಗಿಲಿನ ಕಡೆ ತಿರುಗಿದ. ಹಳೆಯ ಗಿರಾಕಿಯೊಬ್ಬ ಹೋದ ಎಂದುಕೊಂಡಳು. ಅವನು ಬಟ್ಟೆಯ ಪೊಟ್ಟಣವನ್ನು ಮೇಜಿನ ಮೇಲೆಯೇ ಬಿಟ್ಟು ಬಗ್ಗಿ ಕೇಳಿದ: "ಆ ವಾರ್ಡಿಗೆ ಯಾವ ಬಸ್ಸು ಕಾಜಮ್ಮ? ನಮ್ಮಣ್ಣನಿಗೆ."

ಮಾಸ್ಟರು ಮನೆಗೆ ಬಂದ ದಿನ ಮಗಳು ಬಾಗಿಲಲ್ಲೇ ನಿಂತು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಒಣಗಿದೀರ. ಇನ್ನು ಜಗಳ ಆಡ್ಬೋದು" ಅಂದಳು. ಬೇರೆ ಕೋಣೆಯ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಎಲ್ಲವೂ ನೆಟ್ಟಗಾಯಿತೆಂದು ಇದರ ಅರ್ಥವಲ್ಲ. ನಡುವೆ ಒಂದು ಸಲ ಮಾಸ್ಟರು ಜಾರಿದರು. ಆದರೆ ಬೆಳಿಗ್ಗೆ ಅವರೇ ಕೆಳಗೆ ಬಂದು, "ನಿನ್ನೆ ಕುಡಿದೆ ಅತ್ತೆ. ವಾರ್ಡಿಗೆ ಫೋನ್ ಮಾಡಿದೀನಿ, ಬಾ ಅಂದಿದಾರೆ" ಅಂದರು. ಮಗಳು ರಜೆ ಹಾಕಿ ಜೊತೆಗೆ ಹೋಗಿ ಬಂದಳು. ಔಷಧಿಯಲ್ಲಿ ಏನೋ ಬದಲಾಯಿತು. ವಾರಕ್ಕೊಮ್ಮೆ ಸಭೆಗೆ ಹೋಗುವುದು ಮಾತ್ರ ತಪ್ಪಲಿಲ್ಲ.

ವಾರ್ಡಿನಿಂದ ಬಂದ ಮೇಲೆ ಮಾಸ್ಟರು ಮೊದಲು ಕತ್ತರಿಸಿದ್ದು ಬ್ಯಾಂಕಿನವನ ಕೋಟು. ಕಾಜಮ್ಮ ತೋಳುಗಳನ್ನು ಒಂದರ ಮೇಲೊಂದಿಟ್ಟಳು. ಬಲ ತೋಳು ಕೂದಲೆಳೆಯಷ್ಟು ಹೆಚ್ಚು. ಯಾರಿಗೂ ಕಾಣುವಂಥದ್ದಲ್ಲ. ಅವಳ ಕತ್ತರಿ ತಾನಾಗಿ ಕೈಗೆ ಬಂದಿತ್ತು. ಅದನ್ನು ಕೆಳಗಿಟ್ಟಳು. 

"ಮಾಸ್ಟ್ರೇ, ಇಲ್ಲೊಂಚೂರು ನೋಡಿ."

ಅವರು ಬಂದು ನೋಡಿದರು. ಅಂಚಿನ ಮೇಲೆ ಬೆರಳಾಡಿಸಿದರು. "ಹೌದಲ್ಲ" ಎಂದು ತೋಳನ್ನು ಮೇಜಿಗೆ ಕೊಂಡೊಯ್ದು, ಸೀಮೆಸುಣ್ಣದ ಗೆರೆ ಎಳೆದು, ತಾವೇ ಸರಿಮಾಡಿ ತಂದುಕೊಟ್ಟರು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ತೆಳ್ಳಗಾದ ದಿಂಬಿನ ಮೇಲೆ ಕೂತು ಕಾಜಮ್ಮ ಯಂತ್ರ ತುಳಿದಳು. ಈಗ ಅದು ಸ್ವಲ್ಪ ತಗ್ಗು, ಮೊಣಕೈ ಮೇಲೆತ್ತಿ ಹೊಲಿಯಬೇಕು.

ಆ ವಾರ ಸಭೆಗೆ ಇಬ್ಬರೂ ಹೊರಟರು. ಬಸ್ಸು ಬರುವ ಹೊತ್ತಿಗೆ ಮಾಸ್ಟರು ಗಕ್ಕನೆ ನಿಂತು, "ಅತ್ತೆ, ಇಸ್ತ್ರಿಪೆಟ್ಟಿಗೆ..." ಅಂದರು.

ಕಾಜಮ್ಮನ ಕೈ ಭುಜದಲ್ಲಿಲ್ಲದ ಚೀಲವನ್ನು ತಡಕಿತು. ಇವತ್ತು ಪೆಟ್ಟಿಗೆ ತಂದಿರಲಿಲ್ಲ.

"...ಆರಿಸಿದೀನಿ. ಮುಟ್ಟಿ ನೋಡಿ ಬಂದೆ" ಎಂದು ಮುಗಿಸಿ, ಅವಳನ್ನು ಮೊದಲು ಹತ್ತಿಸಲು ಬಸ್ಸಿನ ಬಾಗಿಲ ಪಕ್ಕಕ್ಕೆ ಸರಿದು ನಿಂತರು.

"ಜೀವ ಹೋಗಿತ್ತಲ್ರೀ ನನಗೆ!" ಕಾಜಮ್ಮ ಅಳಿಯ ಎಂಬುದನ್ನೂ ಮರೆತು ಅವರ ತೋಳಿಗೆ ಒಂದು ಗುದ್ದು ಕೊಟ್ಟು ಬಸ್ಸು ಹತ್ತಿದಳು.